ಮೊಣಕಾಲಿನಿಂದ ಕೆಳಗೆ

ಕ್ಯಾಮೆರಾ ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗಿನ ಚಳಿ. ಅಲ್ಲಿಂದ ತಂದ ಕೂಡಲೇ ಬಿಚ್ಚಿದರೆ ಮಸೂರದ ಮೇಲೆ ಆವಿ ಕೂತು ಅರ್ಧ ಗಂಟೆ ಏನೂ ಕಾಣುವುದಿಲ್ಲ. ಆದ್ದರಿಂದ ಲೆಸ್ಯಾ ಪ್ರತಿ ಶನಿವಾರ ಮಧ್ಯಾಹ್ನ ಐಸ್ ಹಾಕಿ ಆಟಕ್ಕೆ ಒಂದು ಗಂಟೆ ಮೊದಲೇ ಬಂದು ಕೆನ್‌ವಿಲ್ ರಿಂಕ್‌ನ ಓಣಿಯಲ್ಲಿ, ಕರಿದ ಆಲೂಗಡ್ಡೆಯ ವಾಸನೆಯೂ ಒದ್ದೆ ಕೈಗವಸುಗಳ ವಾಸನೆಯೂ ಬೆರೆಯುವ ಜಾಗದಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮಗುವನ್ನು ಮಲಗಿಸಿಕೊಂಡವಳ ಹಾಗೆ ಕಾಣುತ್ತಿದ್ದೇನೇನೋ ಎನ್ನಿಸಿ ಒಮ್ಮೊಮ್ಮೆ ಅದನ್ನು ಪಕ್ಕಕ್ಕೆ ಇಡುವಳು. ಐವತ್ತು ಮುಟ್ಟಿದ, ಮದುವೆಯಾಗದ ಹೆಂಗಸಿನ ತೊಡೆಯ ಮೇಲೆ ಏನಿದ್ದರೂ ಈ ಊರಿಗೆ ಅದು ಮಗುವಿನ ಹಾಗೇ ಕಾಣುತ್ತದೆ. ಎದುರು ಗೋಡೆಯ ಮೇಲೆ ಹಾಸಿಗೆಯಷ್ಟು ದೊಡ್ಡ ಬ್ಯಾನರು. ಅದರಲ್ಲಿ ತಂಡದ ತರಬೇತುದಾರ ಕರ್ಟ್ ಓಲ್‌ಸ್ಟಾಡ್ ಗೆದ್ದ ಕಪ್ಪನ್ನು ತಲೆಯ ಮೇಲೆತ್ತಿ ಬಾಯಿ ತೆರೆದು ನಗುತ್ತಿದ್ದ. ಚಿತ್ರ ತೆಗೆದವಳು ಅವಳೇ. ಹೆಸರು ಹಾಕಿರಲಿಲ್ಲ. ಹೆಸರಿರಬೇಕಾದ ಮೂಲೆಯಲ್ಲಿ ಪಿಜ್ಜಾ ಅಂಗಡಿಯ ಜಾಹೀರಾತಿತ್ತು.

"ಏನ್ ಕ್ಲಿಕ್, ಮೊಟ್ಟೆಗೆ ಕಾವು ಕೊಡ್ತಾ ಇದೀಯಾ?"

ತಲೆ ಎತ್ತದೆಯೇ ಅವಳಿಗೆ ಗೊತ್ತಾಯಿತು. ಕರ್ಟ್‌ನ ಬೂಟುಗಳು, ಆಟದ ದಿನ ಮಾತ್ರ ಹಾಕುವ ಕಂದು ಬೂಟುಗಳು, ಅವಳ ಎದುರಿಗೆ ನಿಂತಿದ್ದವು.

"ಇವತ್ತು ನನ್ನ ಮಗನ್ನ ಚೆನ್ನಾಗಿ ಹಿಡಿ, ಆಯ್ತಾ? ಯೂನಿವರ್ಸಿಟಿ ತಂಡಕ್ಕೆ ಹುಡುಗರನ್ನ ಆರಿಸೋನು ಒಬ್ಬ ಬಂದಿದಾನೆ. ಅದೋ, ಕಂದು ಜಾಕೆಟ್ಟು."

"ಅವನು ಏನಾದ್ರೂ ಮಾಡಿದ್ರೆ ಹಿಡೀತೀನಿ."

"ಮಾಡ್ತಾನೆ ಬಿಡು. ನನ್ನ ಮಗ ತಾನೆ," ಎಂದು ಅವಳ ಭುಜ ತಟ್ಟಿ ಹೋದ.

ತಟ್ಟಿದ ಜಾಗ ತುಂಬ ಹೊತ್ತು ಬೇರೆಯಾಗಿಯೇ ಉಳಿಯಿತು, ಯಾರೋ ಅಲ್ಲೊಂದು ಚೀಟಿ ಅಂಟಿಸಿದ ಹಾಗೆ. ಏಳು ವರ್ಷದ ಹಿಂದೆ ಅವನು ಈ ಊರಿನ ತಂಡಕ್ಕೆ ಬಂದ ಮೊದಲ ವಾರವೇ ಅವಳಿಗೆ 'ಕ್ಲಿಕ್' ಎಂದು ಹೆಸರಿಟ್ಟಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ನಕ್ಕಿದ್ದಕ್ಕೆ ಆಮೇಲೆ ಕಾರಿನಲ್ಲಿ ಕೂತು ಕೆನ್ನೆ ತಿಕ್ಕಿಕೊಂಡಿದ್ದಳು. ಮೂವತ್ತು ವರ್ಷದ ಹಿಂದೆ ಆರ್ಟನ್ ಊರಿನ ಸಭಾಂಗಣದಲ್ಲಿ ಯಾರದೋ ಮದುವೆ; ಹತ್ತೊಂಬತ್ತರ ಲೆಸ್ಯಾಳ ಜೊತೆ ಎರಡು ಪೋಲ್ಕಾ ನೃತ್ಯ ಕುಣಿದು, ಮೂರನೆಯದಕ್ಕೆ ನೀನೇ ನನ್ನನ್ನು ಕರೆಯಬೇಕು ಎಂದು ಕಿವಿಯಲ್ಲಿ ಹೇಳಿದ್ದ ಹುಡುಗ ಇವನೇ; ಇವನಿಗೆ ತನ್ನ ಹೆಸರೂ ನೆನಪಿಲ್ಲ ಎಂದೇ ಅವಳು ತಿಳಿದಿದ್ದಳು. ಮೂರನೆಯದಕ್ಕೆ ಅವಳು ಕರೆಯಲಿಲ್ಲ, ಧೈರ್ಯ ಸಾಲಲಿಲ್ಲ. ಅದಾದ ಒಂಬತ್ತನೆಯ ದಿನ ಅವನು ಆರ್ಟನ್ ತಂಡದ ಪರವಾಗಿ ಆಡಲು ಇದೇ ರಿಂಕ್‌ಗೆ ಬಂದ. ಅವಳ ತಮ್ಮ ಮಾರ್ಕೊ ಕೆನ್‌ವಿಲ್ ತಂಡದಲ್ಲಿದ್ದ, ಹದಿನೇಳು ವರ್ಷ, ಬೆನ್ನಿನ ಮೇಲೆ ಹದಿನಾಲ್ಕನೆಯ ನಂಬರು. ಶಾಲೆಯಿಂದ ಎರವಲು ತಂದ ಕ್ಯಾಮೆರಾ ಅವಳ ಕಣ್ಣಿಗೆ ಒತ್ತಿಕೊಂಡಿತ್ತು. ಮಾರ್ಕೊ ಮೂಲೆಯಲ್ಲಿ ಪಕ್ ಎಂಬ ಆಟದ ಕರಿ ಬಿಲ್ಲೆ ಹಿಡಿದಿದ್ದ. ಅವಳು ಮಾರ್ಕೊನನ್ನು ನೋಡುತ್ತಿರಲಿಲ್ಲ. ಅವಳ ಮಸೂರ ಕರ್ಟ್‌ನ ಮುಖವನ್ನು, ಶಿರಸ್ತ್ರಾಣದ ಅಂಚಿನಲ್ಲಿ ಬೆವರಿಗೆ ಅಂಟಿದ ಹೊಂಬಣ್ಣದ ಕೂದಲನ್ನು ಹಿಂಬಾಲಿಸುತ್ತಿತ್ತು. ಅಂಗಳದ ಸುತ್ತಲಿನ ಹಲಗೆಗೋಡೆ ಗುಡುಗಿದ ಸದ್ದು ಕೇಳಿದ ಮೇಲೆ ಬೆರಳು ಒತ್ತಿತು. ಆ ಚಿತ್ರದಲ್ಲಿ ಕರ್ಟ್‌ನ ಮುಖ ಬಹಳ ಚೆನ್ನಾಗಿ ಬಂದಿತ್ತು. ಅದರ ಕೆಳಗೆ, ಚೌಕಟ್ಟಿನ ಹೊರಗೆ, ಮಾರ್ಕೊ ಕತ್ತು ಮುರಿದುಕೊಂಡು ಬಿದ್ದಿದ್ದ. ಹುಡುಗ ಕೊನೆಯ ಕ್ಷಣದಲ್ಲಿ ಬೆನ್ನು ತಿರುಗಿಸಿದ, ಡಿಕ್ಕಿ ಹೊಡೆದ ಕರ್ಟ್‌ನ ತಪ್ಪಿಲ್ಲ ಎಂದು ಲೀಗಿನವರು ಬರೆದರು. ಚಿತ್ರ ಏನಾದರೂ ಇದೆಯಾ ಎಂದು ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದರು. ಫಿಲ್ಮ್ ಮುಗಿದುಹೋಗಿತ್ತು ಅಪ್ಪ, ಎಂದಳು.

ಚೀಲ ಬಿಚ್ಚಿದಳು. ಗಾಜು ತಿಳಿಯಾಗಿತ್ತು.

ಅವಳ ಜಾಗ ರಿಂಕ್‌ನ ಪೂರ್ವದ ಮೂಲೆ. ಅಲ್ಲಿ ಹಲಗೆಗೋಡೆಯ ಮೇಲಿನ ಗಾಜಿನಲ್ಲಿ ಮಸೂರದ ಮೂತಿ ತೂರುವಷ್ಟು ಅಗಲದ ಕಿಂಡಿ. ಮಸೂರವನ್ನು ತುಸು ಹಿಂದಕ್ಕೇ ಹಿಡಿಯಬೇಕು. ಮುಂದೆ ಚಾಚಿದರೆ ಯಾವನೋ ಒಬ್ಬನ ಮೊಣಕೈ ತಗುಲಿ ಕ್ಯಾಮೆರಾ ಹುಬ್ಬಿಗೆ ಬಡಿಯುತ್ತದೆ, ಬಲಹುಬ್ಬಿನ ಮೇಲೆ ಅವಳಿಗೆ ಆ ಗುರುತೂ ಇತ್ತು. ಬಿಳಿಯನ್ನು ಕ್ಯಾಮೆರಾ ನಂಬುವುದಿಲ್ಲ, ಇಷ್ಟು ಬಿಳಿ ಎಲ್ಲೂ ಇರಲಾರದು ಎಂದುಕೊಂಡು ಮಂಜುಗಡ್ಡೆಯನ್ನು ಬೂದಿಯ ಬಣ್ಣಕ್ಕೆ ಇಳಿಸಿಬಿಡುತ್ತದೆ; ಅದು ಹೇಳಿದ್ದಕ್ಕಿಂತ ಹೆಚ್ಚಿಗೆ ಬೆಳಕು ಕೊಟ್ಟು ಅದರ ಅನುಮಾನ ತೀರಿಸಬೇಕು. ಪಕ್ ಹಿಂದೆ ಓಡಬಾರದು. ಪಕ್ ಯಾರ ಬಳಿ ಬರಲಿದೆಯೋ ಅವನ ಕಣ್ಣಿನ ಮೇಲೆ ಕಾದಿರಬೇಕು. ಕಣ್ಣು, ಪಕ್, ಕೋಲು ಮೂರೂ ಒಂದೇ ಚೌಕಟ್ಟಿಗೆ ಬೀಳುವುದು ಆಟವೊಂದರಲ್ಲಿ ನಾಲ್ಕೈದು ಸಲ. ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ಕ್ಷಣ ತಪ್ಪಿಸಿಕೊಂಡವಳು ಮತ್ತೆ ಯಾವ ಕ್ಷಣವನ್ನೂ ತಪ್ಪಿಸಿಕೊಳ್ಳಬಾರದೆಂದು ಮೂವತ್ತು ವರ್ಷ ಮೂಲೆಯಲ್ಲಿ ನಿಂತು ಕಲಿತದ್ದು. ಆಟ ನಡೆಯುವಾಗ ಅವಳ ಬಲಗಣ್ಣು ಆಟಗಾರರ ಮೇಲಿದ್ದರೆ ಮುಚ್ಚಿದ ಎಡಗಣ್ಣಿನ ಹಿಂದೆ ಕರ್ಟ್ ಇರುತ್ತಿದ್ದ. ಅವನ ಸಾವಿರಾರು ಚಿತ್ರಗಳು ಅವಳ ಬಳಿ ಇದ್ದವು, ಕೂಗುತ್ತಿರುವ, ಉಗುಳುತ್ತಿರುವ, ಹುಡುಗರ ತಲೆಯ ಮೇಲೆ ಕೈಯಿಡುತ್ತಿರುವ ಕರ್ಟ್. ಯಾವುದರಲ್ಲೂ ಅವನ ತಪ್ಪು ಕಾಣಿಸುತ್ತಿರಲಿಲ್ಲ. ಎಂದಾದರೂ ಒಂದು ದಿನ ಆ ಮುಖ ಜಾರಿ ಬೀಳುತ್ತದೆ, ಆಗ ನನ್ನ ಬೆರಳು ಅಲ್ಲಿರುತ್ತದೆ ಎಂದುಕೊಂಡೇ ಇಷ್ಟು ಚಳಿಗಾಲಗಳನ್ನು ಕಳೆದಿದ್ದಳು.

ಎರಡನೆಯ ಅವಧಿ ಮುಗಿಯಲು ಮೂರು ನಿಮಿಷ ಇತ್ತು. ಎದುರಾಳಿ ಆರ್ಟನ್ ತಂಡದ ಪೆಲ್ಟಿಯೇ ಎಂಬ ಹುಡುಗ ಪಕ್ ಹಿಡಿಯಲು ಅವಳ ಮೂಲೆಗೇ ಬಂದ. ಹಿಂದಿನಿಂದ ಕರ್ಟ್‌ನ ಮಗ ಲೇನ್ ಬರುತ್ತಿದ್ದ, ಉದ್ದನೆಯ ಹೆಜ್ಜೆ, ತಂದೆಯದೇ ಹೆಗಲು. ಪೆಲ್ಟಿಯೇ ಗೋಡೆಯ ಕಡೆಗೆ ತಿರುಗಿದ. ಅವಳ ಬೆರಳು ಆಗಲೇ ಒತ್ತಿಯಾಗಿತ್ತು. ಅವಳು ಕಂಡದ್ದು ಬೆನ್ನಿನ ಮೇಲಿನ ನಂಬರು, ಅದರ ಮೇಲೆ ಎರಡು ಕೈಗವಸು, ತೆರೆದ ಬಾಯಿ. ಗಾಜು ಅವಳ ಹಣೆಗೆ ಬಡಿಯಿತು. ಆಮೇಲೆ ಇಡೀ ರಿಂಕ್ ಒಮ್ಮೆಗೆ ಉಸಿರು ಹಿಡಿದ ಆ ಸದ್ದು. ಪೆಲ್ಟಿಯೇ ಏಳಲಿಲ್ಲ. ಕಾಲು ಆಡಿಸುತ್ತಿದ್ದ, ಕೈ ಆಡುತ್ತಿರಲಿಲ್ಲ. ಕತ್ತಿನ ಪಕ್ಕದ ಎಲುಬು ಮುರಿದಿದೆ ಎಂದು ಆಮೇಲೆ ಗೊತ್ತಾಯಿತು. ಗೋಡೆಗೆ ತೂಗುಹಾಕಿದ್ದ ವಿಡಿಯೊ ಕ್ಯಾಮೆರಾಕ್ಕೆ ಅಡ್ಡವಾಗಿ ರೆಫರಿ ಬಂದಿದ್ದ. ಆ ಮೂಲೆಯಲ್ಲಿ ಏನಾಯಿತೆಂದು ಕಂಡಿದ್ದು ಒಂದೇ ಕಣ್ಣಿಗೆ. ಸ್ಟ್ರೆಚರ್ ಹೋಗುವಾಗ ಅವಳು ಬೆಂಚಿನ ಕಡೆ ನೋಡಿದಳು. ಕರ್ಟ್‌ ಅವಳ ಕಡೆಯೇ ನೋಡುತ್ತಿದ್ದ. ಅವನ ಮುಖದಲ್ಲಿ ಇದ್ದುದು ಪ್ರಶ್ನೆ: ಸಿಕ್ಕಿತಾ?

ಸಿಕ್ಕಿತ್ತು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪಿರೋಗಿ ಕಡುಬಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕಂಪ್ಯೂಟರಿನಲ್ಲಿ ತೆರೆದಾಗ ಒಂಬತ್ತು ಚಿತ್ರಗಳಿದ್ದವು. ನಾಲ್ಕನೆಯದು ಅವಳ ಜೀವಮಾನದಲ್ಲೇ ಅತ್ಯುತ್ತಮವಾದದ್ದು. ಲೇನ್‌ನ ಕಣ್ಣಿನಲ್ಲಿ ಮೇಲಿನ ದೀಪದ ಚುಕ್ಕೆ, ತೆರೆದ ಬಾಯಿಯಲ್ಲಿ ಹಲ್ಲುಗಳ ಸಾಲು, ಪೆಲ್ಟಿಯೇನ ಬೆನ್ನಿನ ನಂಬರನ್ನು ಅಮುಕಿದ ಎರಡು ಅಂಗೈ, ಗಾಜಿಗೆ ಆಗತಾನೆ ತಗಲುತ್ತಿರುವ ಕೆನ್ನೆ. ಅವಳು ಬೆನ್ನು ನೇರ ಮಾಡಿ ಕೂತಳು. ಬಾಯೊಳಗೆ ಸಿಹಿ ನೀರು ಬಂದಂತಾಯಿತು. ಆಮೇಲೆ ಕಣ್ಣು ಕೆಳಗೆ ಹೋಯಿತು. ಲೇನ್‌ನ ಎರಡೂ ಸ್ಕೇಟುಗಳು ಅಡ್ಡಕ್ಕೆ ತಿರುಗಿದ್ದವು. ಅಲಗುಗಳಿಂದ ಹಿಮದ ಪುಡಿ ಬಿಳಿಯ ರೆಕ್ಕೆಯ ಹಾಗೆ ಮೊಣಕಾಲಿನವರೆಗೂ ಎದ್ದಿತ್ತು. ಹುಡುಗ ನಿಲ್ಲಿಸಲು ನೋಡಿದ್ದ. ಇದ್ದ ಶಕ್ತಿಯನ್ನೆಲ್ಲ ಹಾಕಿ, ನಿಲ್ಲಲಾಗದೆ, ಬೀಳುವವನು ಗೋಡೆಗೆ ಕೈ ಕೊಡುವ ಹಾಗೆ ಎದುರಿನ ಬೆನ್ನಿಗೆ ಕೈ ಕೊಟ್ಟಿದ್ದ. ಆ ತೆರೆದ ಬಾಯಿ ಕೂಗುತ್ತಿದ್ದದ್ದು ಬಹುಶಃ 'ಹುಷಾರು' ಎಂದು. ಅವಳು ಎದ್ದು ಚಹಾ ಮಾಡಿದಳು, ಕುಡಿಯಲಿಲ್ಲ. ನೆಲಮಾಳಿಗೆಯಲ್ಲಿ ಮಾರ್ಕೊ ಎಂದಿನಂತೆ ದೀಪ ಆರಿಸಿಕೊಂಡು ರೇಡಿಯೊ ಕೇಳುತ್ತಿದ್ದ. ಮೂವತ್ತು ವರ್ಷದಿಂದ ಅವನ ಕಣ್ಣಿಗೆ ಬೆಳಕು ಆಗದು, ಬಲಗೈಯ ಮೂರು ಬೆರಳಿಗೆ ಚಮಚ ನಿಲ್ಲದು. ಅವಳು ಮತ್ತೆ ಕೂತು ಚೌಕಟ್ಟಿನ ಕೆಳಗಿನ ಗೆರೆಯನ್ನು ಹಿಡಿದು ಮೇಲಕ್ಕೆ ಎಳೆದಳು. ಮಡಕೆಯ ಮೇಲೆ ಮುಚ್ಚಳ ಇಟ್ಟಷ್ಟೇ ಸಲೀಸು. ಮೊಣಕಾಲಿನ ಮೇಲೆ ನಿಲ್ಲಿಸಿದಳು. ಈಗ ಚಿತ್ರದಲ್ಲಿ ಒಬ್ಬ ಕೊಲೆಗಾರನಿದ್ದ.

ಆ ರಾತ್ರಿಯೇ ಊರಿನ ಪತ್ರಿಕೆಗೆ ಕಳಿಸಿದಳು; ಬುಧವಾರ ಅದು ಮುಖಪುಟದಲ್ಲಿ ಬಂತು. ಸಂಪಾದಕಿ ವೆರ್ನಾ ಈ ಸಲ ಹೆಸರನ್ನು ದೊಡ್ಡದಾಗಿಯೇ ಹಾಕಿದ್ದಳು. ಅಷ್ಟರಲ್ಲಿ ಫೋನಿನಿಂದ ಫೋನಿಗೆ ಅದು ಎರಡು ಪ್ರಾಂತ್ಯ ದಾಟಿತ್ತು. ಲೀಗಿನ ಶಿಸ್ತು ಸಮಿತಿಯವರು ಕರೆಮಾಡಿ ಬೇರೆ ಚಿತ್ರ ಇವೆಯೇ ಎಂದರು. ಉಳಿದವು ಮಸುಕು ಎಂದಳು. ಹೇಳಿದ ಮೇಲೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಆಡಿದ್ದೂ ಇದೇ ಧ್ವನಿಯಲ್ಲಿ ಎಂದು ಹೊಳೆಯಿತು. ಲೇನ್‌ಗೆ ಈ ಋತು ಪೂರ್ತಿ ಆಟವಿಲ್ಲ ಎಂದು ತೀರ್ಪಾಯಿತು. ಅವಳು ಅಗತ್ಯವಿಲ್ಲದಿದ್ದರೂ ಊರ ನಡುವಿನ ಕಾಫಿ ಅಂಗಡಿಗೆ ಹೋಗಿ ಕಿಟಕಿಯ ಬಳಿ ಕೂತಳು. ಕರ್ಟ್ ಬಂದ. ದಿನವೂ ಅವನಿಗೆ ಜಾಗ ಬಿಡುವ ಗೋಧಿ ರೈತರ ಮೇಜು ಏಕಾಏಕಿ ಹವಾಮಾನದ ಮಾತಿಗೆ ತಿರುಗಿತು. ಯಾರೂ ಕುರ್ಚಿ ಎಳೆಯಲಿಲ್ಲ. ಅವನು ಕಾಗದದ ಲೋಟದಲ್ಲಿ ಕಾಫಿ ಹಾಕಿಸಿಕೊಂಡು ನಿಂತೇ ಅರ್ಧ ಕುಡಿದು, ಬಾಗಿಲು ತಳ್ಳುವ ಬದಲು ಎಳೆದು, ಮತ್ತೆ ತಳ್ಳಿ ಹೊರಗೆ ಹೋದ. ಅವನು ಬಾಗಿಲು ಎಳೆದ ಆ ಕ್ಷಣವನ್ನು ಅವಳು ಮನೆಗೆ ತಂದಳು. ಪಾತ್ರೆ ತೊಳೆಯುವಾಗ ನೆನೆದಳು, ಹಾಸಿಗೆ ಕೊಡವುವಾಗ ನೆನೆದಳು. ನೆನೆದಷ್ಟೂ ಸವೆಯದ ಸುಖ. ಲೇನ್ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಹುಡುಗನನ್ನು ಅವಳು ತಂದೆಗೆ ಬಡಿಯಲು ಎತ್ತಿಕೊಂಡ ಕೋಲಿನಂತೆ ಕಂಡಿದ್ದಳು, ಕೋಲಿಗೆ ಏನಾಯಿತೆಂದು ಯಾರು ನೋಡುತ್ತಾರೆ?

ಮಾರ್ಕೊ ಪತ್ರಿಕೆ ಓದುವವನಲ್ಲ. ಗ್ಯಾರೇಜಿನಲ್ಲಿ ಸಾಣೆಯ ಚಕ್ರ ಇಟ್ಟುಕೊಂಡು ಊರಿನ ಸ್ಕೇಟುಗಳಿಗೆಲ್ಲ ಅಂಚು ಕೊಡುವುದು ಅವನ ಕೆಲಸ. ಎಡಗೈಯಲ್ಲೇ ಮಾಡುತ್ತಿದ್ದ, ಕಪ್ಪು ಕನ್ನಡಕ ಹಾಕಿಕೊಂಡು. ಗುರುವಾರ ಬೆಳಿಗ್ಗೆ ಯಾರೋ ತಮ್ಮ ಮಗಳ ಸ್ಕೇಟನ್ನು ಆ ಪತ್ರಿಕೆಯಲ್ಲೇ ಸುತ್ತಿ ತಂದುಕೊಟ್ಟು ಹೋಗಿದ್ದರು.

"ಲೆಸ್ಯಾ, ಸ್ವಲ್ಪ ಇಲ್ಲಿ ಬಾ," ಎಂದು ಕೂಗಿದ.

ಹೋದಾಗ ಪತ್ರಿಕೆಯನ್ನು ಬೆಂಚಿನ ಮೇಲೆ ಹರವಿ ಕೈಯಿಂದ ಸುಕ್ಕು ತೀಡುತ್ತಿದ್ದ.

"ನೀನು ತೆಗೆದಿದ್ದಾ ಇದು?"

"ಹೆಸರಿದೆಯಲ್ಲ."

"ಹೆಸರಿದೆ. ಪಾದ ಎಲ್ಲಿ?"

"ಯಾವ ಪಾದ?"

"ಹುಡುಗನ ಪಾದ ಕಣೇ. ಮೊಣಕಾಲಿಗೆ ಕತ್ತರಿಸಿದೀಯಲ್ಲ. ವೆರ್ನಾ ಒಂದ್ಸಲ ಯಾರದೋ ಸ್ಕೇಟಿನ ತುದಿ ಅರ್ಧ ಇಂಚು ಕತ್ತರಿಸಿದಳು ಅಂತ ಅವಳ ಆಫೀಸಿಗೆ ಹೋಗಿ ಜಗಳ ಆಡಿ ಬಂದೋಳು ನೀನು. ಆಟ ಇರೋದೇ ಪಾದದಲ್ಲಿ ಅಂತ."

"ಪೇಪರಲ್ಲಿ ಜಾಗ ಇರಲಿಲ್ಲ."

"ಸುಳ್ಳು ಹೇಳೋಕೆ ನಿನಗೆ ಬರಲ್ಲ, ಬಿಡು. ನಾಲ್ಕು ವರ್ಷದಿಂದ ಲೇನ್ ಸ್ಕೇಟು ನನ್ನ ಹತ್ರಾನೇ ಬರೋದು. ನುಗ್ಗೋ ಹುಡುಗ ಅಲ್ಲ ಅವನು. ಪೂರ್ತಿದು ತೋರ್ಸು."

ಅವಳು ಫೋನಿನಲ್ಲಿ ತೋರಿಸಿದಳು. ಅವನು ಕನ್ನಡಕ ತೆಗೆದ, ಬೆಳಕಿಗೆ ಕಣ್ಣು ನೀರಾದರೂ ಹಾಗೇ ಹಿಡಿದು ನೋಡಿದ. ಹಿಮಪುಡಿಯ ಮೇಲೆ ಹೆಬ್ಬೆರಳು ಇಟ್ಟ.

"ಅಬ್ಬ, ಎಷ್ಟು ಎದ್ದಿದೆ ನೋಡು. ಪಾಪ, ಪ್ರಾಣ ಬಿಟ್ಟು ನಿಲ್ಸೋಕೆ ನೋಡಿದಾನೆ."

"ಅವರಪ್ಪ ನಿಲ್ಸಿದ್ನಾ?" ಎಂದಳು. ಧ್ವನಿ ತನ್ನದಲ್ಲವೆಂಬಷ್ಟು ದೊಡ್ಡದಾಗಿತ್ತು. "ನಿನ್ನ ಕೈ ನೋಡ್ಕೊ. ಅವರಪ್ಪ ನಿಲ್ಸಿದ್ನಾ?"

"ಅದು ಅವನು ನನಗೆ ಮಾಡಿದ್ದು. ನಿನಗಲ್ಲ."

ಆಗ ಅವಳು ಹೇಳಿಬಿಟ್ಟಳು. ಆವತ್ತು ಫಿಲ್ಮ್ ಮುಗಿದಿರಲಿಲ್ಲ, ನಾನು ನಿನ್ನನ್ನು ನೋಡುತ್ತಲೇ ಇರಲಿಲ್ಲ, ಅವನನ್ನು ನೋಡುತ್ತಿದ್ದೆ. ಹೇಳುತ್ತ ಬೆಂಚಿನ ಮೇಲಿದ್ದ ಮೊಳೆಗಳ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು. ಮಾರ್ಕೊ ಅವಳ ಕೈಯಿಂದ ಡಬ್ಬಿ ತೆಗೆದು ದೂರ ಇಟ್ಟ.

"ಗೊತ್ತು. ಆ ಫೋಟೊ ನೋಡಿದೀನಿ. ನಿನ್ನ ಹೊಲಿಗೆ ಪೆಟ್ಟಿಗೇಲಿತ್ತು. ಚೆನ್ನಾಗಿ ಬಂದಿದಾನೆ ಬಡ್ಡಿಮಗ." ನಕ್ಕ. ನಗು ಬೇಗ ನಿಂತಿತು. "ನಾನು ತಿರುಗಿದ್ದು ನಿಜ, ಲೆಸ್ಯಾ. ಲೀಗಿನೋರು ಸುಳ್ಳು ಬರೀಲಿಲ್ಲ. ಪಕ್ ಸಿಕ್ಕಿತ್ತಲ್ಲ, ಖುಷಿ. ನೀನು ತೆಗೀತಾ ಇದೀಯಾ ಅಂತ ನೋಡೋಕೆ ತಿರುಗಿದೆ."

ಮತ್ತೆ ಕನ್ನಡಕ ಹಾಕಿಕೊಂಡು ಚಕ್ರ ತಿರುಗಿಸಿದ. ಆ ಸದ್ದಿನಲ್ಲಿ ಇನ್ನೇನೂ ಮಾತು ಆಡಲು ಆಗುತ್ತಿರಲಿಲ್ಲ. ಅವಳು ನಿಂತೇ ಇದ್ದಳು. ಮೂವತ್ತು ವರ್ಷ ಅವಳು ಆ ಮೂಲೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ತೊಳೆದು ಜೋಡಿಸಿದ್ದಳು! ಅದರಲ್ಲಿ ಮಾರ್ಕೊ ಯಾವಾಗಲೂ ಬೆನ್ನು ಹಾಕಿಕೊಂಡೇ ಇರುತ್ತಿದ್ದ, ಕರ್ಟ್ ಯಾವಾಗಲೂ ಹಿಂದಿನಿಂದಲೇ ಬರುತ್ತಿದ್ದ. ಈಗ ಅದೇ ಮೂಲೆಯಲ್ಲಿ ಹದಿನೇಳರ ತಮ್ಮ ಕತ್ತು ಹೊರಳಿಸಿ ಗಾಜಿನಾಚೆ ಅಕ್ಕನನ್ನು ಹುಡುಕುತ್ತಿದ್ದ. ಅಕ್ಕನ ಕ್ಯಾಮೆರಾ ಬೇರೆ ಕಡೆಗೆ ತಿರುಗಿತ್ತು. ಅದನ್ನು ಅವನು ಕಂಡಿದ್ದನೇ? ಬೀಳುವ ಮೊದಲು ಅವನು ಕಂಡ ಕೊನೆಯ ಸಂಗತಿ ಅದೇ ಆಗಿತ್ತೇ? ಕರ್ಟ್‌ನ ಮೇಲಿನ ದ್ವೇಷ ಕಡಿಮೆಯಾಗಿರಲಿಲ್ಲ. ಸುತ್ತ ನಿಂತಿದ್ದ ಗೋಡೆಗಳು ಬಿದ್ದು ಅದೊಂದೇ ಬಯಲಿನಲ್ಲಿ ಚಳಿಗೆ ನಡುಗುತ್ತ ನಿಂತಿತ್ತು.

ಶುಕ್ರವಾರ ಒಂಬತ್ತೂ ಚಿತ್ರಗಳನ್ನು ಪೂರ್ತಿಯಾಗಿ ಸಮಿತಿಗೆ ಕಳಿಸಿದಳು. ಹತ್ತನೆಯದಾಗಿ ಎರಡು ಸಾಲಿನ ಕಾಗದ: ಪಾದಗಳನ್ನು ನಾನೇ ಕತ್ತರಿಸಿದೆ. ಆಮೇಲೆ ಅದೇ ಒಂಬತ್ತನ್ನು ಅಚ್ಚು ಹಾಕಿಸಿ ಲಕೋಟೆಯಲ್ಲಿಟ್ಟುಕೊಂಡು ರಿಂಕ್‌ನಲ್ಲಿದ್ದ ಕರ್ಟ್‌ನ ಕೋಣೆಗೆ ಹೋದಳು. ಅವನು ಮೇಜಿನ ಮೇಲೆ ಸಾಲಾಗಿ ಹರವಿಕೊಂಡು ಒಂದೊಂದನ್ನೇ ನೋಡಿದ. ನಾಲ್ಕನೆಯದರ ಮೇಲೆ ಬಾಗಿದವನು ಬಹಳ ಹೊತ್ತು ಏಳಲಿಲ್ಲ.

"ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ ಕ್ಲಿಕ್," ಎಂದ. ಕಣ್ಣು ಕೆಂಪಾಗಿದ್ದವು. "ಪೇಪರಿನೋರು ಕತ್ತರಿಸಿದ್ರಾ? ಆ ವೆರ್ನಾಳನ್ನ..."

"ಪೇಪರಿನೋರಲ್ಲ. ನಾನು. ಬೇಕೂಂತ."

ಅವನು ಅರ್ಥವಾಗದವನಂತೆ ನೋಡಿದ.

"ನನ್ನ ಹೆಸರು ಕ್ಲಿಕ್ ಅಲ್ಲ. ಲೆಸ್ಯಾ ಹ್ರಿನ್‌ಚುಕ್. ಹದಿನಾಲ್ಕನೇ ನಂಬರು ನನ್ನ ತಮ್ಮ."

ಅವನ ಮುಖ ಜಾರಿತು. ಇಷ್ಟು ವರ್ಷ ಕಾದಿದ್ದ ಆ ಜಾರುವಿಕೆ ಹೀಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಅದರಲ್ಲಿ ಭಯವಿರಲಿಲ್ಲ, ದಣಿವಿತ್ತು. ಗೊತ್ತಿತ್ತು ಅವನಿಗೆ. ಮೊದಲ ವಾರದಿಂದಲೂ ಗೊತ್ತಿತ್ತು. ಹೆಸರು ಕರೆಯಲಾಗದೆಯೇ ಬೇರೆ ಹೆಸರಿಟ್ಟಿದ್ದ.

"ಅವನು ತಿರುಗಿದ ಅಂತ ಬರೆದ್ರಲ್ಲ," ಎಂದಳು. "ತಿರುಗಿದ್ದು ನಿಜವಂತೆ. ಅವನೇ ಹೇಳಿದ."

"ತಿರುಗಿದ." ಕರ್ಟ್ ಮೆಲ್ಲಗೆ ಮಾತಾಡಿದ. "ತಿರುಗಿ ನಿಂತೇ ಇದ್ದ. ನನಗೆ ನಂಬರು ಕಾಣ್ತು. ಒಂದು, ನಾಲ್ಕು. ಎರಡಂಕೀನೂ ಓದ್ಕೊಂಡೆ, ಅಷ್ಟು ಹೊತ್ತಿತ್ತು. ಆದ್ರೂ ಹೋದೆ." ನಾಲ್ಕನೆಯ ಚಿತ್ರವನ್ನೆತ್ತಿ ಅವಳ ಮುಖದ ಹತ್ತಿರ ಹಿಡಿದ. "ಇವನನ್ನ ನೋಡು. ಇವನು ನಿಲ್ಸೋಕೆ ನೋಡ್ದ. ಇವನು ನಾನಲ್ಲ. ಇಡೀ ಜನ್ಮದಲ್ಲಿ ನಾನು ಸರಿಯಾಗಿ ಮಾಡಿದ್ದು ಇದೊಂದೇ, ಇವನನ್ನ ಹೀಗೆ ಬೆಳೆಸಿದ್ದು. ನೀನು ಕತ್ತರಿಸಿದ್ದು ಅದನ್ನ."

ಆ ರಾತ್ರಿಯ ಊಟದಲ್ಲಿ ಅವಳು ಮಾರ್ಕೊಗೆ ಹೇಳಿದಳು: ನಂಬರು ಕಂಡಿತ್ತಂತೆ, ಎರಡಂಕಿಯನ್ನೂ ಓದಿದನಂತೆ. ಅವನು ಸೂಪು ಕುಡಿಯುತ್ತಿದ್ದ. "ಅವನೇ ಹೇಳಿದ್ನಾ? ಬಾಯಿಬಿಟ್ಟು?" ಎಂದ. ಹೌದೆಂದಳು. ಅವನು ಚಮಚವನ್ನು ಎಡಗೈಯಿಂದ ಬಲಗೈಗೆ ದಾಟಿಸಿದ, ಮೂರು ಬೆರಳಿನ ನಡುವೆ ಹೇಗೋ ಸಿಕ್ಕಿಸಿಕೊಂಡ, ತಟ್ಟೆ ಬರಿದಾಗುವವರೆಗೂ ಮೇಜಿನ ತುಂಬ ಚೆಲ್ಲಿಕೊಂಡೇ ಕುಡಿದ. ಅವಳು ಒರೆಸಲು ಹೋಗಲಿಲ್ಲ.

ಸಮಿತಿ ಶಿಕ್ಷೆಯನ್ನು ಹಿಂದೆಗೆದುಕೊಂಡಿತು. ವೆರ್ನಾ ಪೂರ್ತಿ ಚಿತ್ರವನ್ನು ಒಳಪುಟದಲ್ಲಿ ಅಂಗೈಯಗಲ ಹಾಕಿ ಕ್ಷಮೆ ಕೇಳಿದಳು, ಇನ್ನು ಮೇಲೆ ನಿನ್ನ ಚಿತ್ರ ಬೇಡ ಎಂದು ಫೋನಿನಲ್ಲಿ ಅತ್ತಳು. ರಿಂಕ್‌ನ ಮೂಲೆಯ ಕಿಂಡಿ ಯಾರೋ ಕಾಲೇಜಿನ ಹುಡುಗಿಯ ಪಾಲಾಯಿತು. ಅಂಗಡಿಯಲ್ಲಿ ಹೆಂಗಸರು ಅವಳ ಸಾಮಾನಿನ ತಳ್ಳುಗಾಡಿಯಿಂದ ತಮ್ಮ ಗಾಡಿ ತಪ್ಪಿಸಿಕೊಂಡು ಹೋದರು. ಇದೆಲ್ಲ ತಕ್ಕದ್ದೇ ಎಂದು ಅವಳಿಗೆ ಅನ್ನಿಸುತ್ತಿತ್ತು, ತಕ್ಕದ್ದು ಎಂದು ಅನ್ನಿಸುವುದರಲ್ಲೂ ಒಂದು ಹೇಸಿಗೆಯ ನೆಮ್ಮದಿ ಇತ್ತು. ಮಾರ್ಚ್ ತಿಂಗಳ ಮೊದಲ ಭಾನುವಾರ ಕೊನೆಯ ಸುತ್ತಿನ ಪಂದ್ಯ. ಮಧ್ಯಾಹ್ನ ಟಿಕೀಟು ತೆಗೆದುಕೊಂಡು ಬರಿಗೈಯಲ್ಲಿ ರಿಂಕ್‌ಗೆ ಹೋದಳು. ಕೈಗೆ ಏನೂ ಇಲ್ಲದೆ ಜೇಬಿನಲ್ಲಿಟ್ಟಳು, ತೆಗೆದಳು. ಓಣಿಯಲ್ಲಿ ಲೇನ್ ಸಿಕ್ಕಿದ, ಇನ್ನೂ ಸ್ಕೇಟು ಹಾಕಿರಲಿಲ್ಲ, ಕಾಲುಚೀಲದಲ್ಲಿದ್ದ. ಅವಳು ಗೋಡೆಗೆ ಸರಿದಳು. ಅವನೇ ಹತ್ತಿರ ಬಂದ.

"ಮಿಸ್ ಹ್ರಿನ್‌ಚುಕ್, ಒಂದು ಕೇಳ್ಲಾ? ಆ ಫೋಟೊ... ದೊಡ್ಡದಾಗಿ ಒಂದು ಹಾಕಿಸಿಕೊಡ್ತೀರಾ? ನನ್ನ ರೂಮಿಗೆ."

"ಕೊಡ್ತೀನಪ್ಪ," ಎಂದಳು. "ನಾಳೆನೇ ಕೊಡ್ತೀನಿ. ಪೂರ್ತಿದು, ಹಿಮ ಎಲ್ಲ ಸೇರಿ..."

"ಅದಲ್ಲ," ಹುಡುಗ ನಾಚಿಕೊಂಡು ನಕ್ಕ. "ಪೇಪರಲ್ಲಿ ಬಂದಿತ್ತಲ್ಲ, ಅದು. ಪೂರ್ತಿದ್ರಲ್ಲಿ ನಾನು ಹೆದರಿಕೊಂಡ ಹಾಗೆ ಕಾಣ್ತೀನಿ. ಅದ್ರಲ್ಲಿ ಸೂಪರಾಗಿದೀನಿ ಅಂತಾರೆ ಎಲ್ಲಾ. ಎದುರಿನೋರು ಈಗ ನನ್ನ ನೋಡಿದ್ರೆ ಪಕ್ ಬಿಟ್ಟು ಓಡ್ತಾರೆ, ಗೊತ್ತಾ? ಆ ಯೂನಿವರ್ಸಿಟಿಯವರೂ ಫೋನ್ ಮಾಡಿದ್ರು. ಅವರಿಗೆ ಬೇಕಾಗಿರೋದು ಆ ಥರದೋನೇ ಅಂತೆ."

ಅದನ್ನು ಅಳಿಸಿಬಿಟ್ಟೆ ಎಂದಳು.

"ಓ. ಪರವಾಗಿಲ್ಲ ಬಿಡಿ, ಫೋನಲ್ಲಿದೆ," ಎಂದು ಓಡಿದ.

ಹನ್ನೊಂದನೆಯ ಸಾಲಿನಲ್ಲಿ ಅವಳ ಜಾಗ. ಎತ್ತರದಿಂದ ಆಟ ಬೇರೆಯಾಗಿತ್ತು, ಮುಖಗಳಿರಲಿಲ್ಲ, ಅಂಗಳದ ತುಂಬ ಕಾಲುಗಳು ಮಾತ್ರ ಕಾಣುತ್ತಿದ್ದವು. ಲೇನ್ ಹೊರಬಂದಾಗ ಜನ ಎದ್ದು ನಿಂತು ಅವನ ಹೆಸರು ಕೂಗಿದರು. ಅದು ಮೊದಲಿನ ಕೂಗಲ್ಲ, ಅದರಲ್ಲಿ ಏನನ್ನೋ ಕೇಳುವ ಹಸಿವಿತ್ತು. ಹುಡುಗ ಕೋಲೆತ್ತಿ ತೋರಿಸಿದ. ಅವಳ ಒಳಗೆಲ್ಲೋ, ಸತ್ತಿತೆಂದುಕೊಂಡಿದ್ದ ಸಿಹಿ ನೀರು ಮತ್ತೆ ಬಾಯಿಗೆ ಬರುತ್ತಿತ್ತು, ಅವಳು ಅದನ್ನು ನುಂಗಿದಳು, ಮತ್ತೆ ಬಂತು. ಮೊದಲ ಅವಧಿಯ ಆರನೆಯ ನಿಮಿಷದಲ್ಲಿ ಎದುರಾಳಿಯೊಬ್ಬ ಪೂರ್ವದ ಮೂಲೆಗೆ ಪಕ್ ಹಿಡಿಯಲು ಹೋಗಿ ಗೋಡೆಯ ಕಡೆ ತಿರುಗಿದ. ಲೇನ್ ಬರುತ್ತಿದ್ದ. ನಡುವೆ ಬೇಕಾದಷ್ಟು ಜಾಗ ಇತ್ತು, ಬೇಕಾದಷ್ಟು ಹೊತ್ತಿತ್ತು. ಅವಳು ಎದ್ದು ನಿಂತು ಏನೋ ಕೂಗಿದಳು. ಅವನ ಅಲ್ಲಿಯವರೆಗಿನ ಹೆಜ್ಜೆಗಳೇ ಮುಂದುವರಿದವು, ನೇರವಾಗಿ, ಒಂದು, ಮತ್ತೊಂದು. ಮಂಜುಗಡ್ಡೆಯ ಮೇಲೆ ಪುಡಿಯ ಒಂದು ಎಳೆಯೂ ಏಳಲಿಲ್ಲ.

ಹಲಗೆಗೋಡೆ ಗುಡುಗಿತು. ಸುತ್ತ ಜನ ಗೆದ್ದವರಂತೆ ಕಿರುಚುತ್ತಿದ್ದರು. ಬೆಂಚಿನ ಹಿಂದೆ ನಿಂತಿದ್ದ ಕರ್ಟ್ ಬಿದ್ದ ಹುಡುಗನನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ತಲೆಯೆತ್ತಿ ಸಾಲುಸಾಲಾಗಿ ಜನರ ನಡುವೆ ಹುಡುಕಿ, ಹನ್ನೊಂದನೆಯ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದ ಅವಳನ್ನು ಕಂಡುಹಿಡಿದು, ಅಲ್ಲಿಯೇ ದೃಷ್ಟಿ ನಿಲ್ಲಿಸಿದ. ಅವಳೂ ಕಣ್ಣು ತೆಗೆಯಲಿಲ್ಲ.